ಟಾರ್ಚ್ ಹಿಡಿದವರು ಯಾರು?

(ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಓದುಗರೊಬ್ಬರು ಬರೆದ ಪತ್ರದ ಸಾರ: “ಮಗಳು ಏಳನೇ ತರಗತಿ, ಮಗ ಐದನೇ ತರಗತಿ, ಇಬ್ಬರೂ ಕನ್ನಡ ಮಾಧ್ಯಮ. ಮಗನಿಗೆ ಮೊಬೈಲ್ ಬಿಟ್ಟರೆ ಬೇರೆ ಲೋಕವಿಲ್ಲ. ಮಗಳು ಮಾತ್ರ ಕಂಪ್ಯೂಟರ್ ತನಗೆ ಹೇಳಿ ಮಾಡಿಸಿದ್ದಲ್ಲ ಎನ್ನುತ್ತಾಳೆ. ಕನ್ನಡದಲ್ಲಿ ಓದಿಸಿದ್ದೇ ತಪ್ಪಾಯಿತೇ? ಎಂಟನೆಗೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಲೇ?”)

ಅಮ್ಮಾ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಓದುವಾಗ ಒಂದು ಸಾಲಿನ ಬಳಿ ನಿಂತುಬಿಟ್ಟೆ. ಮಳೆ ಕೈಕೊಟ್ಟ ಕಷ್ಟವನ್ನು ಹೇಳುತ್ತಾ ನೀವು ಬರೆದಿದ್ದೀರಿ: “ರಾತ್ರಿ ಪಂಪ್ ಕೆಟ್ಟಿತು, ಇವರು ಶೆಡ್ಡಿಗೆ ಹೋದರು, ಚಿಕ್ಕವನು ಟಾರ್ಚ್ ಹಿಡಿದು ಹಿಂದೆಯೇ ಓಡಿದ. ಮಗಳು ನನ್ನ ಜೊತೆ ಅಡಿಗೆಮನೆಯಲ್ಲಿದ್ದಳು.” ಮಾಧ್ಯಮದ ಬಗ್ಗೆ ಒಂದೂವರೆ ಪುಟ, ಟಾರ್ಚಿನ ಬಗ್ಗೆ ಒಂದು ಸಾಲು. ನನಗೆ ಉತ್ತರ ಸಿಕ್ಕಿದ್ದು ಆ ಒಂದು ಸಾಲಿನಲ್ಲಿ.

ಹನ್ನೆರಡು ವರ್ಷದ ಹುಡುಗಿಗೆ ‘ಇದು ನಿನಗೆ ಹೇಳಿ ಮಾಡಿಸಿದ್ದಲ್ಲ’ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಫ್ಯೂಸ್ ಹೋದಾಗ ತಮ್ಮನನ್ನು ಕರೆಯುತ್ತಾರೆ, ಸ್ಪ್ರಿಂಕ್ಲರ್ ಕಟ್ಟಿಕೊಂಡರೆ ತಮ್ಮನನ್ನು ಕರೆಯುತ್ತಾರೆ. ಶಾಲೆಯ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಮೂವರು ಕುಳಿತರೆ ಮೌಸ್ ಹುಡುಗನ ಕೈಯಲ್ಲಿ, ನೋಟ್ ಪುಸ್ತಕ ಹುಡುಗಿಯ ಕೈಯಲ್ಲಿ. ಇಷ್ಟಾದ ಮೇಲೆ ತೀರ್ಮಾನವನ್ನು ಅವಳೇ ಮಾಡಿಕೊಳ್ಳುತ್ತಾಳೆ.

ಇದನ್ನು ವಿದ್ವಾಂಸರು ಅಳೆದು ನೋಡಿದ್ದಾರೆ. 1980ರ ದಶಕದ ನಡುವೆ ನೆದರ್ಲೆಂಡ್ಸಿನ ಐಂಡ್‌ಹೋವನ್ ವಿಶ್ವವಿದ್ಯಾಲಯದಲ್ಲಿ ಯಾನ್ ರಾಟ್ ಮತ್ತು ಮಾರ್ಕ್ ದ ವ್ರೀಸ್ ಎಂಬವರು ತಂತ್ರಜ್ಞಾನದ ಬಗ್ಗೆ ಮಕ್ಕಳ ಮನೋಭಾವ ತಿಳಿಯಲು ಒಂದು ಪ್ರಶ್ನಾವಳಿ ಸಿದ್ಧಪಡಿಸಿದರು. ಆಸಕ್ತಿ ಇದೆಯೇ, ಕಷ್ಟವೆನಿಸುತ್ತದೆಯೇ, ಇದು ಹುಡುಗರ ಕೆಲಸವೇ, ಇದರಿಂದ ಒಳಿತೋ ಕೆಡುಕೋ, ಮುಂದೆ ಈ ಕಸುಬು ಹಿಡಿಯುತ್ತೀಯಾ ಎಂಬಂಥ ಪ್ರಶ್ನೆಗಳು. ಆಮೇಲೆ ಹಲವು ದೇಶಗಳಲ್ಲಿ ಅದನ್ನು ಬಳಸಿದರು. ಮನೆಯಲ್ಲಿ ಬಿಚ್ಚಿ ಜೋಡಿಸುವ ಆಟಿಕೆಗಳಿದ್ದರೆ, ತಂದೆ ತಾಯಿಯ ಉದ್ಯೋಗ ತಾಂತ್ರಿಕವಾಗಿದ್ದರೆ ಮಕ್ಕಳ ಒಲವು ಹೆಚ್ಚು ಎಂಬುದು ಮತ್ತೆ ಮತ್ತೆ ಕಂಡುಬಂದಿತು. ತಂತ್ರಜ್ಞಾನವೆಂದರೆ ಏನೆಂದು ಕೇಳಿದರೆ ಬಹಳ ಮಕ್ಕಳು ಕಂಪ್ಯೂಟರನ್ನೋ ಯಂತ್ರವನ್ನೋ ತೋರಿಸಿ ಸುಮ್ಮನಾದರು.

ನಿಮ್ಮ ಮಗನೂ ಮೊಬೈಲನ್ನೇ ತೋರಿಸುತ್ತಾನೆ. ಅವನಿಗೆ ತಂತ್ರಜ್ಞಾನ ಪ್ರಿಯವೆಂದು ನೀವು ಹಿಗ್ಗಬೇಕಾಗಿಲ್ಲ. ರೀಲ್ಸ್ ನೋಡುವವನಿಗೂ ಪಂಪ್ ಬಿಚ್ಚುವವನಿಗೂ ಅಜಗಜಾಂತರ. ಅವನ ಬಗ್ಗೆ ನನಗೆ ಭರವಸೆ ಮೂಡಿಸಿದ್ದು ಆ ಟಾರ್ಚೇ.

ನಿಮ್ಮ ಎಣ್ಮಕಜೆ ಪಂಚಾಯತಿನ ಗುಡ್ಡಗಳಲ್ಲಿ ಸುರಂಗಗಳಿವೆಯಲ್ಲ, ಮಕ್ಕಳಿಬ್ಬರನ್ನೂ ಒಂದರ ಬಾಯಿಯ ತನಕ ಕರೆದುಕೊಂಡು ಹೋಗಿ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು, ನೆಲಕ್ಕೆ ಹೊರಮುಖವಾಗಿ ತುಸುವೇ ಇಳಿಜಾರು ಕೊಟ್ಟು, ಪಂಪೂ ಕರೆಂಟೂ ಇಲ್ಲದೆ ನೀರನ್ನು ಅಂಗಳಕ್ಕೆ ತಂದವರು ನಮ್ಮ ಹಿರಿಯರು. ಅಗೆಯುವವರು ಒಳಗೆ ಮೊಂಬತ್ತಿ ಒಯ್ಯುತ್ತಿದ್ದರು. ಬೆಳಕೂ ಆಯಿತು, ಅದು ನಂದಿದರೆ ಉಸಿರಾಡುವ ಗಾಳಿ ಸಾಲದೆಂಬ ಸೂಚನೆಯೂ ಆಯಿತು. ಇದು ತಂತ್ರಜ್ಞಾನವೋ ಅಲ್ಲವೋ ಎಂದು ಮಗಳನ್ನು ಕೇಳಿ. (ಮೊಬೈಲ್ ಸಿಗ್ನಲ್ ಅಲ್ಲಿ ಸಿಗದಿದ್ದರೆ ಇನ್ನೂ ಒಳ್ಳೆಯದು.)

ಮಾಧ್ಯಮದ ಮಾತಿಗೆ ಬರುತ್ತೇನೆ. ಕೇರಳದಲ್ಲಿ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತದೆ. 2024ರಲ್ಲಿ ಬಂದ ಏಳನೇ ತರಗತಿಯ ಪುಸ್ತಕದಲ್ಲಿ, ಮುಖದ ಭಾವವನ್ನು ಗುರುತಿಸುವ ಪ್ರೋಗ್ರಾಮನ್ನು ಮಕ್ಕಳೇ ತಯಾರಿಸುವ ಕೃತಕ ಬುದ್ಧಿಮತ್ತೆಯ ಪಾಠವಿದೆ. ನಿಮ್ಮ ಮಗಳ ಚೀಲದಲ್ಲೇ ಇರಬೇಕು, ತೆಗೆಸಿ ನೋಡಿ. ಹಾಗಾಗಿ ಕನ್ನಡದ ಮೇಲೆ ತಪ್ಪು ಹೊರಿಸಲು ನಾನು ಒಪ್ಪುವುದಿಲ್ಲ. ಆದರೆ ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ಕಳುಹಿಸುವುದು ನಮ್ಮ ಜಿಲ್ಲೆಯ ಹಳೆಯ ಹುಣ್ಣು. ಸಂದೇಹ ಬಂದಾಗ ಯಾವ ಭಾಷೆಯಲ್ಲಿ ಕೇಳುವುದೆಂದೇ ತಿಳಿಯದ ಮಗು, ಕೇಳುವುದನ್ನು ಬಿಟ್ಟು ‘ಕಷ್ಟ’ ಎಂದುಬಿಡುತ್ತದೆ. ನಿಮ್ಮ ಶಾಲೆಯಲ್ಲಿ ಹಾಗಿದ್ದರೆ ಪಿಟಿಎ (ರಕ್ಷಕ-ಶಿಕ್ಷಕ ಸಂಘ) ಸಭೆಯಲ್ಲಿ ಎದ್ದುನಿಂತು ಕೇಳಿ, ಸಂಕೋಚ ಬೇಡ. ಹೈಸ್ಕೂಲುಗಳಲ್ಲಿ 2018ರಿಂದ ಲಿಟಲ್ ಕೈಟ್ಸ್ ಎಂಬ ಐಟಿ ಕ್ಲಬ್ ಇದೆ. ಎಂಟನೇ ತರಗತಿಯಲ್ಲಿ ಅದಕ್ಕೆ ಅಭಿರುಚಿ ಪರೀಕ್ಷೆ ನಡೆಯುತ್ತದೆ. ಶಾಲೆ ಬದಲಿಸುವ ಮೊದಲು ಅವಳು ಅದೊಂದನ್ನು ಬರೆಯಲಿ.

ಇನ್ನು ಮಳೆಗಾಲದ ಮೊದಲು ತೋಟಕ್ಕೆ ಕೊಳೆರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣ ತಯಾರಾಗುತ್ತದಲ್ಲ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಯಜಮಾನರಿಗೆ ಬಾಯಿಪಾಠವಿರುತ್ತದೆ. ಈ ಸಲ ಅವರ ಪಕ್ಕದಲ್ಲಿ ಮಗಳು ನಿಲ್ಲಲಿ. ತುಕ್ಕಿಲ್ಲದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ತೆಗೆಯುವುದು ಅವಳ ಕೆಲಸ. ಅಲಗಿಗೆ ತಾಮ್ರದ ಬಣ್ಣ ಹತ್ತಿದ್ದರೆ, ಸುಣ್ಣ ಸಾಲದು ಎಂದು ಅಪ್ಪನಿಗೆ ಅವಳೇ ಹೇಳಲಿ. ಟಾರ್ಚ್ ಬೇಕಾದರೆ ತಮ್ಮ ಹಿಡಿಯುತ್ತಾನೆ.

— ಸಂಪಾದಕ