ಒಳಗೆ ಬಿಟ್ಟ ಅರ್ಧ ಇಂಚು

ಪ್ರಶ್ನೆ: ನನಗೆ 34 ವರ್ಷ. ಒಂಬತ್ತು ವರ್ಷಗಳಿಂದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೇನೆ. ಎಷ್ಟೇ ಬೆಲೆಬಾಳುವ ಬಟ್ಟೆಯಾದರೂ ಈಗ ಕತ್ತರಿ ಹಾಕುವಾಗ ಕೈ ನಡುಗುವುದಿಲ್ಲ. ಆದರೆ ಪಕ್ಕದ ಬೀದಿಯಲ್ಲಿ ಖಾಲಿಯಾಗಿರುವ ಮಳಿಗೆಯನ್ನು ಬಾಡಿಗೆಗೆ ಹಿಡಿಯಬೇಕೋ ಬೇಡವೋ ಎಂದು ಎರಡು ತಿಂಗಳಿಂದ ಯೋಚಿಸುತ್ತಲೇ ಇದ್ದೇನೆ. ಅಕ್ಕ ಬೇಡವೆಂದರೆ ಅದೇ ಸರಿ ಎನಿಸುತ್ತದೆ. ಯಜಮಾನರು ಧೈರ್ಯ ಮಾಡು ಎಂದರೆ ಅದೂ ಸರಿ ಎನಿಸುತ್ತದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ, ಮೂರು ವರ್ಷದ ಹಿಂದೆ ಮದುವೆಯ ಬ್ಲೌಸೊಂದರ ತೋಳು ಬಿಗಿಯಾಗಿ ಗಿರಾಕಿಯಿಂದ ಮಾತು ಕೇಳಿದ್ದು ನೆನಪಾಗಿ ಮತ್ತೆ ನಿದ್ದೆ ಬರುವುದಿಲ್ಲ. ನನ್ನ ಮೇಲೆ ನನಗೆ ನಂಬಿಕೆ ಬರುವುದು ಹೇಗೆ?
– ಹೆಸರು ಬೇಡ, ದಾವಣಗೆರೆ

ಉತ್ತರ: ತೋಳು ಬಿಗಿಯಾಯಿತು ಎಂದು ಬರೆದಿದ್ದೀರಿ, ಆಮೇಲೆ ಏನಾಯಿತೆಂದು ಬರೆದಿಲ್ಲ. ಹೊಲಿಗೆ ಬಲ್ಲವರು ಒಳಗೆ ಅರ್ಧ ಇಂಚಾದರೂ ಬಟ್ಟೆ ಬಿಡದೆ ಕತ್ತರಿಸುವುದಿಲ್ಲವಾದ್ದರಿಂದ, ನೀವು ಅಂದೇ ಹೊಲಿಗೆ ಬಿಚ್ಚಿ, ತೋಳು ಸಡಿಲಿಸಿ, ಇಸ್ತ್ರಿ ಮಾಡಿ ಕೊಟ್ಟಿರುತ್ತೀರಿ ಎಂಬುದು ನನ್ನ ಊಹೆ. ಕೇಳಿದ ಮಾತನ್ನು ಮೂರು ವರ್ಷ ಕಾಪಾಡಿಕೊಂಡು ಬಂದ ನಿಮ್ಮ ಮನಸ್ಸು, ಸರಿಮಾಡಿದ್ದನ್ನು ಮಾತ್ರ ಲೆಕ್ಕಕ್ಕೇ ಹಿಡಿದಿಲ್ಲ.

ಇದನ್ನು ಮನಸ್ಸಿನ ಮೆಲುಕು ಎನ್ನಬಹುದು. ಹಸು ಮೆಲುಕು ಹಾಕಿದರೆ ಮೇವಾದರೂ ಜೀರ್ಣವಾಗುತ್ತದೆ, ನಮ್ಮ ಮೆಲುಕಿನಲ್ಲಿ ಆ ಲಾಭವೂ ಇಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿದ್ದ ಮನಶ್ಶಾಸ್ತ್ರಜ್ಞೆ ಸೂಸನ್ ನೋಲನ್-ಹೋಕ್ಸೆಮಾ ಇದನ್ನು ದೀರ್ಘಕಾಲ ಅಧ್ಯಯನ ಮಾಡಿದರು. ಬೇಸರವಾದಾಗ ಅದನ್ನೇ ತಿರುಗಿ ತಿರುಗಿ ಯೋಚಿಸುವವರಲ್ಲಿ ಆ ಬೇಸರ ಹೆಚ್ಚು ಕಾಲ ಉಳಿಯುತ್ತದೆ ಮತ್ತು ಸಮಸ್ಯೆಗೆ ದಾರಿ ಹುಡುಕುವ ಶಕ್ತಿಯೂ ಕುಗ್ಗುತ್ತದೆ ಎಂಬುದು ಅವರಿಗೆ ಕಂಡುಬಂದಿತು. ಇಷ್ಟೊಂದು ಯೋಚಿಸಿಯೂ ಏಕೆ ತೀರ್ಮಾನಕ್ಕೆ ಬರಲಾಗುತ್ತಿಲ್ಲ ಎಂದು ನಿಮಗೆ ಅನಿಸಿರಬಹುದು. ಕಾರಣದ ಒಂದು ಪಾಲು ಆ ಯೋಚನೆಯೇ.

ಹಾಗೆಂದು ಯೋಚಿಸಲೇಬೇಡಿ ಎನ್ನುತ್ತಿಲ್ಲ. ಮಳಿಗೆಯ ಬಾಡಿಗೆ ಮತ್ತು ಕರೆಂಟ್ ಬಿಲ್ ತೂಗಿಸಲು ತಿಂಗಳಿಗೆ ಎಷ್ಟು ಬ್ಲೌಸು ಹೆಚ್ಚಿಗೆ ಹೊಲಿಯಬೇಕು, ಅಷ್ಟನ್ನು ಒಬ್ಬರೇ ಹೊಲಿಯಬಲ್ಲಿರಾ, ಕೈಗೆ ಒಬ್ಬ ಹುಡುಗಿ ಬೇಕೇ ಎಂಬ ಯೋಚನೆಯ ಕೊನೆಯಲ್ಲಿ ಒಂದು ಅಂಕಿ ಸಿಗುತ್ತದೆ, ನಾಳೆ ಮಾಡಬೇಕಾದ ಒಂದು ಕೆಲಸ ಸಿಗುತ್ತದೆ. ‘ಗಿರಾಕಿಗಳೇ ಬಾರದಿದ್ದರೆ, ಜನ ನಕ್ಕರೆ’ ಎಂಬುದರ ಕೊನೆಯಲ್ಲಿ ಮತ್ತೆ ಅದೇ ಪ್ರಶ್ನೆ ನಿಂತಿರುತ್ತದೆ. ಮೊದಲನೆಯದಕ್ಕೆ ಹಗಲಿನಲ್ಲಿ ಪೆನ್ನು ಹಿಡಿದು ಕೂರಬೇಕು.

ಎರಡನೆಯದಕ್ಕೆ, ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಅವರ ಸಹೋದ್ಯೋಗಿಗಳು 1983ರಲ್ಲಿ ಪ್ರಕಟಿಸಿದ ಸರಳ ಕ್ರಮವೊಂದಿದೆ. ಚಿಂತೆಗೆಂದೇ ದಿನಕ್ಕೆ ಅರ್ಧ ಗಂಟೆಯನ್ನು, ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ ಮೀಸಲಿಡುವುದು. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ಅದನ್ನು ಆ ಅರ್ಧ ಗಂಟೆಗೆ ಮುಂದೂಡಿ, ಕೈಯಲ್ಲಿರುವ ಕೆಲಸಕ್ಕೆ ಮರಳುವುದು. ನಿಮ್ಮ ಅಳತೆ ಪುಸ್ತಕದ ಕೊನೆಯ ಹಾಳೆಯನ್ನು ಇದಕ್ಕೆ ಬಳಸಿಕೊಳ್ಳಿ. ರಾತ್ರಿ ಎದ್ದಾಗ ಬಂದದ್ದನ್ನು ಒಂದೇ ಸಾಲಿನಲ್ಲಿ ಬರೆದಿಟ್ಟು ಮಲಗಿ, ಮರುದಿನ ಸಂಜೆ ಅದನ್ನು ಓದಿ. ಆ ಅರ್ಧ ಗಂಟೆ ಹಾಸಿಗೆಯ ಮೇಲೂ ಬೇಡ, ಮಷೀನಿನ ಮುಂದೆಯೂ ಬೇಡ.

ಅಳತೆ ಪುಸ್ತಕವನ್ನು ತೆರೆದಾಗ ಇನ್ನೊಂದು ಕೆಲಸ ಮಾಡಿ. ಕಳೆದ ಒಂದು ವರ್ಷದಲ್ಲಿ ಎಷ್ಟು ಬ್ಲೌಸು ಹೊಲಿದಿರಿ, ಅವುಗಳಲ್ಲಿ ಎಷ್ಟು ಆಲ್ಟರೇಶನ್‌ಗೆ ಮರಳಿ ಬಂದವು, ಎಷ್ಟನ್ನು ಸರಿಮಾಡಿ ಕೊಟ್ಟಿರಿ ಎಂದು ಎಣಿಸಿ. ನಂಬಿಕೆ ಮೊದಲು ಬರಲಿ, ಆಮೇಲೆ ಹೆಜ್ಜೆ ಇಡುತ್ತೇನೆ ಎಂದು ನೀವು ಕಾಯುತ್ತಿರುವಂತಿದೆ. ನಿಮ್ಮ ಕೈಯ ನಡುಕ ನಿಂತದ್ದು ಕತ್ತರಿ ಹಾಕುತ್ತಾ ಹೋದಮೇಲೆಯೇ ಅಲ್ಲವೇ?

ಮಳಿಗೆಯ ತೀರ್ಮಾನದಲ್ಲೂ ಅರ್ಧ ಇಂಚು ಬಿಡಲು ಅವಕಾಶವಿದೆ. ಬಾಡಿಗೆ ಕರಾರನ್ನು ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ ಮಾಡಿಕೊಳ್ಳುತ್ತಾರೆ. ನಡುವೆ ಬಿಡುವುದಾದರೆ ಎಷ್ಟು ದಿನ ಮೊದಲು ತಿಳಿಸಬೇಕು, ಮುಂಗಡ ಹೇಗೆ ಮರಳಿ ಬರುತ್ತದೆ ಎಂಬುದನ್ನು ಅದರಲ್ಲಿ ಬರೆಸಿಕೊಳ್ಳಿ. ಮನೆಯ ಮಷೀನನ್ನು ಮಾರಬೇಡಿ. ಅಕ್ಕನಿಗೂ ಯಜಮಾನರಿಗೂ ನಿಮ್ಮ ಮೇಲೆ ಪ್ರೀತಿಯಿದೆ, ಆದರೆ ಆ ಬೀದಿಯ ವ್ಯಾಪಾರ ಅವರಿಗೆ ಗೊತ್ತಿದೆಯೇ? ಅಲ್ಲೇ ಅಂಗಡಿ ಇಟ್ಟ ಇಬ್ಬರನ್ನು ಕೇಳಿ, ಲೆಕ್ಕ ಮುಗಿಸಿ, ಒಂದು ತಾರೀಕು ಗೊತ್ತುಮಾಡಿಕೊಂಡು ಅಂದು ಮಾಲೀಕರಿಗೆ ಹೌದು ಅಥವಾ ಇಲ್ಲ ಎಂದುಬಿಡಿ. ‘ಇಲ್ಲ’ ಎಂದರೂ ಅದು ನೀವೇ ತೆಗೆದುಕೊಂಡ ತೀರ್ಮಾನ.

ವಾರಗಟ್ಟಲೆ ನಿದ್ದೆ ಕೆಟ್ಟು ಹಗಲಿನ ಕೆಲಸ ಕುಂಟುತ್ತಿದ್ದರೆ, ಊಟ ಸೇರದಿದ್ದರೆ, ಇದನ್ನು ಪತ್ರಿಕೆಯ ಅಂಕಣಕ್ಕೆ ಬಿಡಬೇಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಮನೋವೈದ್ಯರನ್ನೂ ಕಾಣಬಹುದು.

ಮಾಲೀಕರಿಗೆ ಏನು ಹೇಳಿದಿರೆಂದು ಬರೆಯಿರಿ. ಆ ತೋಳಿನ ಕಥೆಯ ಉಳಿದರ್ಧವನ್ನೂ ಮರೆಯದೆ ಬರೆಯಿರಿ.