ದ್ವೀಪಗಳ ಕ್ರೂಸ್: ದಡದಲ್ಲಿ ಎಷ್ಟು ಹೊತ್ತು, ಹಡಗಿನಲ್ಲಿ ಎಷ್ಟು ಖರ್ಚು?

ಗ್ರೀಸ್‌ನ ದ್ವೀಪಗಳನ್ನು ಸುತ್ತುವ ಹಡಗುಗಳಲ್ಲಿ ನಾನು ಒಂಬತ್ತು ಬೇಸಿಗೆ ಕೆಲಸ ಮಾಡಿದ್ದೇನೆ. ಬಂದರಿನಲ್ಲಿ ಇಳಿದು ನೋಡುವ ಪ್ರವಾಸಗಳ ಟಿಕೆಟ್ ಕೊಡುವ ಮೇಜು ನನ್ನದಾಗಿತ್ತು. ಜನ ಹೊರಡುವಾಗಲೂ ನೋಡುತ್ತಿದ್ದೆ, ಸಂಜೆ ವಾಪಸ್ ಬರುವಾಗಲೂ ನೋಡುತ್ತಿದ್ದೆ. ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಏಳು ದಿನದ ಕ್ರೂಸ್ ಬುಕ್ ಮಾಡಿದ್ದೇವೆ. ಮಿಕೊನೊಸ್, ಸ್ಯಾಂಟೊರಿನಿ, ರೋಡ್ಸ್, ಕ್ರೀಟ್, ಹೀಗೆ ನಾಲ್ಕು ದ್ವೀಪ. ನಾನು, ನಮ್ಮ ಯಜಮಾನರು, ಹತ್ತು ವರ್ಷದ ಮಗಳು, ಜೊತೆಗೆ 71 ವರ್ಷದ ನಮ್ಮತ್ತೆ. ಅತ್ತೆಗೆ ಮಂಡಿ ನೋವು. ಹಡಗಿನವರು ಪ್ರತಿ ದ್ವೀಪಕ್ಕೂ ಪ್ರವಾಸಗಳ ಉದ್ದನೆಯ ಪಟ್ಟಿ ಕಳಿಸಿದ್ದಾರೆ. ಎಲ್ಲ ಕಡೆ ಅವರದ್ದೇ ತೆಗೆದುಕೊಳ್ಳಬೇಕಾ, ಇಲ್ಲ ನಾವೇ ಇಳಿದು ಸುತ್ತಬಹುದಾ?

ಉತ್ತರ: ಎಲ್ಲ ಕಡೆ ಬೇಡ. ಸ್ಯಾಂಟೊರಿನಿಯಲ್ಲಿ ತೆಗೆದುಕೊಳ್ಳಿ. ರೋಡ್ಸ್‌ನಲ್ಲಿ ಖಂಡಿತ ಬೇಡ. ಉಳಿದ ಎರಡರ ಬಗ್ಗೆ ಆಮೇಲೆ ಹೇಳುತ್ತೇನೆ.

ಪಟ್ಟಿ ನೋಡುವ ಮೊದಲು ಗಂಟೆ ಲೆಕ್ಕ ಹಾಕಿ. ಹಡಗು ಬೆಳಿಗ್ಗೆ 7ಕ್ಕೆ ಬಂದು ಸಂಜೆ 5ಕ್ಕೆ ಹೊರಡುತ್ತದೆ ಅಂದರೆ ಹತ್ತು ಗಂಟೆ ಸಿಕ್ಕಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಂದರಿನ ಅಧಿಕಾರಿಗಳು ಹಡಗಿಗೆ ಒಪ್ಪಿಗೆ ಕೊಡುವ ತನಕ ಯಾರೂ ಇಳಿಯುವ ಹಾಗಿಲ್ಲ. ಇಳಿಯುವ ಸಾಲು ಕರಗಲು ಹೊತ್ತು ಬೇಕು. ಹೊರಡುವ ಅರ್ಧ ಗಂಟೆ ಮೊದಲೇ ಎಲ್ಲರೂ ಹತ್ತಿರಬೇಕು, ಕೆಲವು ಕಡೆ ಅದಕ್ಕಿಂತ ಮೊದಲೇ. ಕೈಗೆ ಉಳಿಯುವುದು ಏಳೆಂಟು ಗಂಟೆ. ಅತ್ತೆ ಜೊತೆಗಿದ್ದರೆ ಆರು ಅಂತ ಇಟ್ಟುಕೊಳ್ಳಿ. ಆರು ಗಂಟೆಯಲ್ಲಿ ಒಂದು ಊರನ್ನು ಸಮಾಧಾನವಾಗಿ ನೋಡಬಹುದು. ಮೂರು ಊರು ಸುತ್ತಲು ಹೋದರೆ ಮೂರು ಬಸ್ ನಿಲ್ದಾಣ ನೋಡಿ ಬರುತ್ತೀರಿ.

ಸ್ಯಾಂಟೊರಿನಿಯ ಕಷ್ಟವೇ ಬೇರೆ. ಅಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ. ಸುಮಾರು 3,600 ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದು ಕುಸಿದ ಜಾಗದೊಳಗೆ ಸಮುದ್ರ ತುಂಬಿಕೊಂಡಿದೆ. ಹಡಗು ನಿಲ್ಲುವುದು ಆ ನೀರಿನಲ್ಲಿ. ಅಲ್ಲಿಂದ ಜನರನ್ನು ಚಿಕ್ಕ ದೋಣಿಗಳಲ್ಲಿ ದಡಕ್ಕೆ ಬಿಡುತ್ತಾರೆ. ಇವಕ್ಕೆ ಟೆಂಡರ್ ದೋಣಿ ಅನ್ನುತ್ತಾರೆ. ಸುಮ್ನೆ ಇಳಿದವರನ್ನು ಹಳೆಯ ಬಂದರಿಗೆ ಒಯ್ಯುತ್ತಾರೆ. ಫಿರಾ ಊರು ಇರುವುದು ಬಂಡೆಯ ತುದಿಯಲ್ಲಿ, ಇನ್ನೂರು ಮೀಟರ್‌ಗಿಂತ ಎತ್ತರದಲ್ಲಿ. ಹತ್ತಲು ಮೂರು ದಾರಿ: ಕೇಬಲ್ ಕಾರ್, 588 ಮೆಟ್ಟಿಲು, ಇಲ್ಲವೇ ಕತ್ತೆ. ಮಂಡಿ ನೋವಿದ್ದವರಿಗೆ ಮೆಟ್ಟಿಲಿನ ಮಾತೇ ಬೇಡ. ಕತ್ತೆಯ ಮೇಲೆ ಹತ್ತಬೇಡಿ ಎಂದು ನಾನು ಎಲ್ಲರನ್ನೂ ಬೇಡಿಕೊಳ್ಳುತ್ತಿದ್ದೆ, ನಿಮ್ಮನ್ನೂ ಬೇಡಿಕೊಳ್ಳುತ್ತೇನೆ. ಬಿಸಿಲಲ್ಲಿ ದಿನವಿಡೀ ಹತ್ತಿಳಿಯುವ ಆ ಪ್ರಾಣಿಗಳ ಮೇಲೆ 100 ಕಿಲೋಗಿಂತ ಜಾಸ್ತಿ ಭಾರ ಹೇರಬಾರದು ಎಂದು 2018ರಲ್ಲಿ ಗ್ರೀಸ್ ನಿಯಮವನ್ನೇ ತರಬೇಕಾಯಿತು.

ಕೇಬಲ್ ಕಾರ್ ಮೇಲೆ ತಲುಪಲು ಬೇಕಾಗುವುದು ಮೂರೇ ನಿಮಿಷ. ಕಾಯುವುದೇ ದೊಡ್ಡ ಕೆಲಸ. ಒಂದೇ ದಿನ ಮೂರು ನಾಲ್ಕು ಹಡಗು ಬಂದರೆ ಸಾಲು ಒಂದು ಗಂಟೆ ದಾಟುತ್ತದೆ. 2025ರಿಂದ ದಿನಕ್ಕೆ 8,000 ಕ್ರೂಸ್ ಪ್ರಯಾಣಿಕರು ಎಂಬ ಮಿತಿ ಬಂದಿದೆ. ಆದರೂ ಚಿಕ್ಕ ಊರಿಗೆ ಎಂಟು ಸಾವಿರ ಜನ ಅಂದರೆ ಕಡಿಮೆಯಲ್ಲ, ಅಲ್ವಾ?

ಅದಕ್ಕೇ ಇಲ್ಲಿ ಹಡಗಿನ ಪ್ರವಾಸ ತೆಗೆದುಕೊಳ್ಳಿ ಅಂದಿದ್ದು. ಅವರ ಪ್ರವಾಸಕ್ಕೆ ಹೋಗುವವರನ್ನು ಸಾಮಾನ್ಯವಾಗಿ ಮೊದಲ ದೋಣಿಗಳಲ್ಲೇ ಅಥಿನಿಯೋಸ್ ಎಂಬ ಇನ್ನೊಂದು ಬಂದರಿಗೆ ಒಯ್ಯುತ್ತಾರೆ. ಅಲ್ಲಿ ಬಸ್ ಕಾದಿರುತ್ತದೆ, ಮೇಲಿನವರೆಗೆ ಕೂತೇ ಹೋಗಬಹುದು. ಆದರೆ ಒಂದು ವಿಷಯ ಮುಂಚೆಯೇ ಕೇಳಿ: ಪ್ರವಾಸ ಎಲ್ಲಿ ಮುಗಿಯುತ್ತದೆ? ಬಹಳಷ್ಟು ಸಲ ಫಿರಾದಲ್ಲಿ ಬಿಟ್ಟುಬಿಡುತ್ತಾರೆ. ಕೆಳಗಿಳಿಯಲು ಮತ್ತೆ ಅದೇ ಕೇಬಲ್ ಕಾರ್, ಅದೇ ಸಾಲು. ಕೊನೆಯ ಟೆಂಡರ್‌ಗೆ ಎರಡು ಗಂಟೆ ಮೊದಲೇ ಆ ಸಾಲಿಗೆ ಬನ್ನಿ. ಮಧ್ಯಾಹ್ನದ ಬಿಸಿಲಲ್ಲಿ ಆ ಸಾಲಿನಲ್ಲಿ ನಿಂತು ಕಣ್ಣು ತುಂಬಿಕೊಂಡ ಒಬ್ಬ ಅಜ್ಜಿಯ ಕೈ ಹಿಡಿದು ನಾನು ಕೂತಿದ್ದೇನೆ. ಮಗ ಫೋಟೊ ತೆಗೆಯಲು ದ್ವೀಪದ ಇನ್ನೊಂದು ಊರಾದ ಓಯಾಕ್ಕೆ ಹೋಗಿದ್ದ, ಹೊತ್ತಾದರೂ ಬಂದಿರಲಿಲ್ಲ. ಆಮೇಲೆ ಬಂದ ಅನ್ನಿ. ಆ ಅಜ್ಜಿಗೆ ಸ್ಯಾಂಟೊರಿನಿ ಅಂದರೆ ಆ ಸಾಲು ಮಾತ್ರ ನೆನಪಿನಲ್ಲಿ ಉಳಿಯಿತು.

ಅತ್ತೆಗೆ ಇನ್ನೊಂದು ದಾರಿಯೂ ಇದೆ. ಅವರು ಹಡಗಿನಲ್ಲೇ ಉಳಿಯಬಹುದು. ಬಿಟ್ಟು ಹೋದ ಹಾಗೆ ಅಂತ ನಿಮಗೆ ಅನ್ನಿಸಬಹುದು. ಹಾಗಲ್ಲ. ಸುತ್ತಲೂ ಕೆಂಪು, ಕಪ್ಪು, ಬೂದು ಪದರಗಳ ಬಂಡೆ, ಅದರ ನೆತ್ತಿಯಲ್ಲಿ ಬಿಳಿ ಮನೆಗಳು. ಆ ನೋಟ ಊರೊಳಗೆ ಇರುವವರಿಗೆ ಸಿಗುವುದಿಲ್ಲ, ನೀರಿನ ಮೇಲಿರುವವರಿಗೇ ಸಿಗುತ್ತದೆ. ಅವತ್ತು ಮೇಲಿನ ಡೆಕ್ ಖಾಲಿ ಇರುತ್ತದೆ. ನೆರಳಿನ ಕುರ್ಚಿ ಸುಲಭವಾಗಿ ಸಿಗುತ್ತದೆ. ಸಮುದ್ರ ಜೋರಾಗಿದ್ದರೆ ಟೆಂಡರ್‌ಗೆ ಕಾಲಿಡುವುದೇ ಅವರಿಗೆ ಕಷ್ಟವಾಗಬಹುದು. ದೋಣಿ ಮೇಲೆ ಕೆಳಗೆ ಆಗುತ್ತಿರುತ್ತದೆ. ಸಿಬ್ಬಂದಿ ಎರಡೂ ತೋಳು ಹಿಡಿದು ಇಳಿಸುತ್ತಾರೆ, ಆದರೂ ಆ ಒಂದು ಹೆಜ್ಜೆ ಅವರೇ ಇಡಬೇಕು. ಅವತ್ತು ಬೆಳಿಗ್ಗೆ ನೀರು ನೋಡಿ ಅವರನ್ನೇ ಕೇಳಿ.

ರೋಡ್ಸ್‌ನಲ್ಲಿ ಈ ಯಾವ ತಾಪತ್ರಯವೂ ಇಲ್ಲ. ಹಡಗು ಕೋಟೆ ಗೋಡೆಯ ಹತ್ತಿರವೇ ನಿಲ್ಲುತ್ತದೆ. ನಡೆದೇ ಹಳೆಯ ಊರಿನೊಳಗೆ ಹೋಗಬಹುದು. 1309ರಿಂದ 1522ರವರೆಗೆ ಸೇಂಟ್ ಜಾನ್ ಎಂಬ ಕ್ರೈಸ್ತ ಪಂಗಡದ ಯೋಧರು ಆಳಿದ ಊರು ಅದು. ಅವರ ಹೆಸರಿನ ಬೀದಿಯಲ್ಲಿ ನಡೆದು, ಅರಮನೆ ನೋಡಿ, ಮರದ ನೆರಳಿನಲ್ಲಿ ಕೂತು ಬಂದರೆ ದಿನ ತುಂಬಿಹೋಗುತ್ತದೆ. ನೆಲಕ್ಕೆಲ್ಲ ಉರುಟು ಕಲ್ಲು ಹಾಸಿದ್ದಾರೆ. ಅತ್ತೆಗೆ ದಪ್ಪ ಅಡಿಯ ಶೂ ಹಾಕಿಸಿ. ಲಿಂಡೋಸ್ ಕೋಟೆ ಚೆನ್ನಾಗಿದೆ, ಆದರೆ 50 ಕಿಲೋಮೀಟರ್ ದೂರ, ಹೋದಮೇಲೆ ಮತ್ತೆ ಕಡಿದಾದ ಮೆಟ್ಟಿಲು. ಈ ಸಲ ಬಿಡಿ.

ಕ್ರೀಟ್‌ನಲ್ಲಿ ಹಡಗು ಹೆರಾಕ್ಲಿಯಾನ್‌ಗೆ ಬರುತ್ತದೆ ಅಂದುಕೊಳ್ಳುತ್ತೇನೆ. ಕ್ನೋಸೋಸ್ ಅರಮನೆ ಅಲ್ಲಿಂದ ಐದು ಕಿಲೋಮೀಟರ್. ಟ್ಯಾಕ್ಸಿ, ಊರ ಬಸ್ ಎರಡೂ ಇವೆ. ನಿಮಗೆ ಬಸ್ ಪ್ರವಾಸ ಬೇಕಿಲ್ಲ, ಗೈಡ್ ಬೇಕು. 1900ರಲ್ಲಿ ಅಗೆಯಲು ಶುರು ಮಾಡಿದ ಆರ್ಥರ್ ಎವಾನ್ಸ್ ಅಲ್ಲಿ ಕಾಂಕ್ರೀಟ್ ಹಾಕಿ ಕೆಲವು ಭಾಗ ಮತ್ತೆ ಕಟ್ಟಿಸಿದರು. ಯಾವುದು ಹಳೆಯದು, ಯಾವುದು ಅವರು ಕಟ್ಟಿಸಿದ್ದು ಅಂತ ಹೇಳುವವರಿಲ್ಲದಿದ್ದರೆ ಬರೀ ಗೋಡೆ ಕಾಣುತ್ತದೆ. ಗೂಳಿಯ ತಲೆಯ ಮಿನೋಟಾರ್ ಕತೆಯನ್ನು ಮಗಳಿಗೆ ಮುಂಚೆಯೇ ಹೇಳಿಡಿ. ಬೆಳಿಗ್ಗೆ ಬೇಗ ಕ್ನೋಸೋಸ್, ಬಿಸಿಲೇರಿದ ಮೇಲೆ ಊರಿನ ಮ್ಯೂಸಿಯಂ. ಅಲ್ಲಿ ಗೂಳಿಯ ಮೇಲೆ ಹಾರುವ ಹುಡುಗನ ಚಿತ್ರದ ಮುಂದೆ ಮಕ್ಕಳು ನಿಂತುಬಿಡುತ್ತಾರೆ.

ಮಿಕೊನೊಸ್‌ನಲ್ಲಿ ಹಡಗು ಎಷ್ಟು ಹೊತ್ತಿಗೆ ಬರುತ್ತದೆ ನೋಡಿ. ಬೆಳಿಗ್ಗೆಯಾದರೆ ಪಕ್ಕದ ಡೆಲೋಸ್ ದ್ವೀಪಕ್ಕೆ ಹೋಗಬಹುದು. ದೋಣಿಯಲ್ಲಿ ಅರ್ಧ ಗಂಟೆ. ಇಡೀ ದ್ವೀಪವೇ ಹಳೆಯ ಊರಿನ ಅವಶೇಷ, ರಾತ್ರಿ ಯಾರೂ ತಂಗುವ ಹಾಗಿಲ್ಲ. ನೆರಳು ಇಲ್ಲವೇ ಇಲ್ಲ ಅನ್ನಬೇಕು. ಮಧ್ಯಾಹ್ನ ಬರುವ ಹಡಗಾದರೆ ಡೆಲೋಸ್ ಮರೆತು ಊರಿನ ಓಣಿಗಳಲ್ಲಿ ಅಡ್ಡಾಡಿ.

ಪ್ರಶ್ನೆ: ಹಡಗು ಹತ್ತುವ ಮೊದಲೇ ಪಾನೀಯದ ಪ್ಯಾಕೇಜ್, ವೈಫೈ, ಸ್ಪಾ, ವಿಶೇಷ ರೆಸ್ಟೋರೆಂಟ್ ಎಲ್ಲದಕ್ಕೂ "ಈಗಲೇ ಕೊಂಡರೆ ಕಡಿಮೆ" ಎಂದು ಸಂದೇಶ ಬರುತ್ತಿದೆ. ನಾವು ಗಂಡ ಹೆಂಡತಿ ಇಬ್ಬರೇ. ಯಾವುದು ನಿಜವಾಗಿ ಬೇಕು?

ಉತ್ತರ: ಮುಂಚೆ ಕೊಂಡರೆ ಕಡಿಮೆ ಅನ್ನುವುದು ಬಹುಪಾಲು ನಿಜ. ನಿಮಗೆ ಬೇಕೇ ಅನ್ನುವುದು ಬೇರೆ ಮಾತು.

ಪಾನೀಯದ ಪ್ಯಾಕೇಜ್‌ಗೆ ಒಂದು ಲೆಕ್ಕ ಮಾಡಿ. ಉದಾಹರಣೆಗೆ ದಿನಕ್ಕೆ 60 ಯೂರೊ, ಒಂದು ಗ್ಲಾಸಿಗೆ 10 ಯೂರೊ ಅಂದುಕೊಳ್ಳಿ. ದಿನಕ್ಕೆ ಆರು ಗ್ಲಾಸ್ ಕುಡಿದರೆ ಸಮ. ದ್ವೀಪಗಳ ಕ್ರೂಸ್‌ನಲ್ಲಿ ನೀವು ಹಗಲೆಲ್ಲ ದಡದಲ್ಲಿರುತ್ತೀರಿ, ಅಲ್ಲಿ ಕುಡಿದದ್ದಕ್ಕೆ ಬೇರೆ ದುಡ್ಡು. ಸಂಜೆಯಿಂದ ಮಲಗುವ ತನಕ ಆರು ಗ್ಲಾಸ್ ಆಗುತ್ತದಾ? ಜೊತೆಗೆ ಎರಡು ಷರತ್ತು ಓದಿ. ಒಂದು, ಹಲವು ಹಡಗುಗಳಲ್ಲಿ ಒಬ್ಬರು ಕೊಂಡರೆ ಅದೇ ಕ್ಯಾಬಿನ್‌ನ ಇನ್ನೊಬ್ಬ ದೊಡ್ಡವರೂ ಕೊಳ್ಳಬೇಕು. ಎರಡು, ಮಧ್ಯೆ ದಿನ ಬಿಡುವ ಹಾಗಿಲ್ಲ, ಇಡೀ ಪ್ರಯಾಣಕ್ಕೆ ಕೊಳ್ಳಬೇಕು. ಬೆಲೆಯ ಮೇಲೆ 18ರಿಂದ 20 ಶೇಕಡಾ ಸೇವಾ ಶುಲ್ಕ ಸೇರುವುದೂ ಉಂಟು. ನಿಮ್ಮಿಬ್ಬರಲ್ಲಿ ಒಬ್ಬರು ಕಾಫಿ, ಜ್ಯೂಸ್ ಮಾತ್ರ ಕುಡಿಯುವವರಾದರೆ ನನ್ನ ಉತ್ತರ ಸ್ಪಷ್ಟ: ಬೇಡ.

ವೈಫೈ ಒಂದೇ ಸಾಧನಕ್ಕೆ ತೆಗೆದುಕೊಳ್ಳಿ, ಸಾಕು. ದಡದಲ್ಲಿ ಮೊಬೈಲ್ ಸಿಗ್ನಲ್ ಇರುತ್ತದೆ. ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಬರೆದಿಟ್ಟುಕೊಳ್ಳಿ. ಹಡಗು ಹೊರಟ ಕೂಡಲೇ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಹಡಗಿಗೆ ತನ್ನದೇ ಮೊಬೈಲ್ ಜಾಲ ಇರುತ್ತದೆ. ಸಾಮಾನ್ಯ ರೋಮಿಂಗ್ ಪ್ಯಾಕ್‌ಗಳಲ್ಲಿ ಅದು ಸೇರಿರುವುದಿಲ್ಲ. ರೋಡ್ಸ್ ಹತ್ತಿರ ಇನ್ನೊಂದು ತೊಂದರೆ. ತುರ್ಕಿಯ ದಡ ಅಲ್ಲಿಂದ 18 ಕಿಲೋಮೀಟರ್ ಅಷ್ಟೇ. ಫೋನ್ ತಾನಾಗಿ ತುರ್ಕಿಯ ಸಿಗ್ನಲ್ ಹಿಡಿಯಬಹುದು. ನಿಮ್ಮ ಪ್ಯಾಕ್ ಯುರೋಪ್‌ನ ಒಕ್ಕೂಟಕ್ಕೆ ಮಾತ್ರವಾದರೆ ಬಿಲ್ ಬೇರೆ ಬರುತ್ತದೆ.

ಸ್ಪಾ ಮುಂಚೆ ಬೇಡ. ಎಲ್ಲರೂ ಇಳಿದುಹೋದ ದಿನ ಅಲ್ಲೇ ರಿಯಾಯಿತಿ ಕೊಡುತ್ತಾರೆ. ವಿಶೇಷ ರೆಸ್ಟೋರೆಂಟ್ ಒಂದು ಸಂಜೆಗೆ ಸಾಕು. ಹಡಗು ತಡವಾಗಿ ಹೊರಡುವ ದಿನಕ್ಕೆ ಮಾತ್ರ ಅದನ್ನು ಬುಕ್ ಮಾಡಬೇಡಿ, ಓಡಿ ಬರಬೇಕಾಗುತ್ತದೆ.

ಬಿಲ್‌ನಲ್ಲಿ ಗೊತ್ತಿಲ್ಲದ ಒಂದು ಸಾಲು ಕಂಡರೆ ಗಾಬರಿ ಬೇಡ. 2025ರ ಜುಲೈ 1ರಿಂದ ಗ್ರೀಸ್ ಕ್ರೂಸ್ ಪ್ರಯಾಣಿಕರಿಗೆ ಶುಲ್ಕ ಹಾಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಯಾಂಟೊರಿನಿ, ಮಿಕೊನೊಸ್‌ಗಳಲ್ಲಿ ತಲೆಗೆ 20 ಯೂರೊ, ಬೇರೆ ಬಂದರುಗಳಲ್ಲಿ 5 ಯೂರೊ. ಇಬ್ಬರಿಗೆ ಎರಡು ದ್ವೀಪ ಅಂದರೆ 80 ಯೂರೊ ಆಯಿತು. ನಿಮ್ಮ ಲೆಕ್ಕದಲ್ಲಿ ಮೊದಲೇ ಸೇರಿಸಿ. ಕೊನೆಯ ಬೆಳಿಗ್ಗೆ ರಿಸೆಪ್ಶನ್ ಮುಂದೆ ದೊಡ್ಡ ಸಾಲಿರುತ್ತದೆ, ಹಾಗಾಗಿ ಬಿಲ್ಲನ್ನು ಎರಡು ರಾತ್ರಿ ಮೊದಲೇ ನೋಡಿ ತಪ್ಪಿದ್ದರೆ ಕೇಳಿ.

ಪ್ರಶ್ನೆ: ಹೋದ ಆಗಸ್ಟ್‌ನಲ್ಲಿ ನಮ್ಮ ಹಡಗು ಗಾಳಿಯ ನೆಪ ಹೇಳಿ ಮಿಕೊನೊಸ್‌ಗೆ ಹೋಗಲೇ ಇಲ್ಲ. ಅಲ್ಲಿನ ಖಾಸಗಿ ಗೈಡ್‌ಗೆ ಕೊಟ್ಟಿದ್ದ ಮುಂಗಡ ಹೋಯಿತು. ಆಕಾಶ ತಿಳಿಯಾಗಿತ್ತು, ಮಳೆಯೂ ಇರಲಿಲ್ಲ. ಇದು ಮೋಸ ಅಲ್ವಾ?

ಉತ್ತರ: ನಿಮ್ಮ ಬೇಜಾರು ಅರ್ಥವಾಗುತ್ತದೆ. ಆದರೆ ಮೋಸ ಅಲ್ಲ. ಆ ಗಾಳಿಗೆ ಮೆಲ್ಟೆಮಿ ಅಂತ ಹೆಸರು. ಉತ್ತರದಿಂದ ಬೀಸುತ್ತದೆ, ಜುಲೈ ಆಗಸ್ಟ್‌ನಲ್ಲಿ ಜೋರು. ಅದಕ್ಕೆ ಮೋಡವೂ ಬೇಡ, ಮಳೆಯೂ ಬೇಡ. ನೀಲಿ ಆಕಾಶದ ಕೆಳಗೇ ಟೆಂಡರ್ ದೋಣಿ ಹಡಗಿನ ಪಕ್ಕಕ್ಕೆ ಬಡಿಯುವುದನ್ನು ನಾನು ನೋಡಿದ್ದೇನೆ. ಅಂಥ ಹೊತ್ತಿನಲ್ಲಿ ಜನರನ್ನು ಇಳಿಸಬಾರದು. ಬಂದರು ಬಿಟ್ಟು ಮುಂದೆ ಹೋಗುವ ಅಧಿಕಾರ ಕ್ಯಾಪ್ಟನ್‌ಗೆ ಇದೆ, ಟಿಕೆಟ್‌ನ ಷರತ್ತಿನಲ್ಲೂ ಬರೆದಿರುತ್ತದೆ.

ಹಡಗಿನಿಂದಲೇ ಕೊಂಡ ಪ್ರವಾಸವಾಗಿದ್ದರೆ ಹಣ ವಾಪಸ್ ಬರುತ್ತಿತ್ತು. ಮುಂದಿನ ಸಲ ಖಾಸಗಿಯವರಿಗೆ ದುಡ್ಡು ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿ: "ಹಡಗು ಬರದೇ ಹೋದರೆ ಏನು?" ಪೂರ್ತಿ ವಾಪಸ್ ಎಂದು ಬರೆದು ಕೊಡುವವರು ಇದ್ದಾರೆ. ಅವರನ್ನೇ ಹಿಡಿಯಿರಿ. ಮತ್ತೆ ಹೋಗುವ ಆಸೆ ಇದ್ದರೆ ಮೇ ಕೊನೆ ಅಥವಾ ಸೆಪ್ಟೆಂಬರ್ ಕೊನೆ ನೋಡಿ. ಬಿಸಿಲೂ ಹಿತವಾಗಿರುತ್ತದೆ.

ಪ್ರಶ್ನೆ: ನಮ್ಮ ವಿಮಾನ ಬೆಳಿಗ್ಗೆ ಅಥೆನ್ಸ್ ತಲುಪುತ್ತದೆ. ಅದೇ ಸಂಜೆ ಅಲ್ಲಿನ ಬಂದರು ಪಿರೇಯಸ್‌ನಿಂದ ಹಡಗು. ನಡುವೆ ಅಕ್ರೊಪೊಲಿಸ್ ಗುಡ್ಡದ ಹಳೆಯ ದೇವಾಲಯಗಳನ್ನು ನೋಡಬಹುದಾ? ಹಡಗು ಒಂದು ದಿನ ತುರ್ಕಿಯ ಕುಶಾದಸಿಗೂ ಹೋಗುತ್ತದೆ.

ಉತ್ತರ: ಬೇಡ. ಒಂದು ದಿನ ಮೊದಲೇ ಬನ್ನಿ. ವಿಮಾನ ಮೂರು ಗಂಟೆ ತಡವಾದರೆ ಅಕ್ರೊಪೊಲಿಸ್ ಜೊತೆ ಹಡಗೂ ತಪ್ಪುತ್ತದೆ. ಹಡಗು ಒಬ್ಬರಿಗಾಗಿ ಕಾಯುವುದಿಲ್ಲ. ಅಕ್ರೊಪೊಲಿಸ್‌ಗೆ 2023ರಿಂದ ಗಂಟೆ ನಿಗದಿ ಮಾಡಿದ ಟಿಕೆಟ್ ಇದೆ. ಬೆಳಿಗ್ಗೆ 8ರದ್ದು ತೆಗೆದುಕೊಳ್ಳಿ. ಸೆಕೆ ವಿಪರೀತವಾದ ದಿನಗಳಲ್ಲಿ ನಡುಮಧ್ಯಾಹ್ನ ಮುಚ್ಚಿದ್ದೂ ಉಂಟು. ವಿಮಾನ ನಿಲ್ದಾಣದಿಂದ ಪಿರೇಯಸ್‌ಗೆ ಮೆಟ್ರೊ ನೇರವಾಗಿ ಹೋಗುತ್ತದೆ, 3ನೇ ಮಾರ್ಗ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಕುಶಾದಸಿಗೆ ಹೋಗುವುದು ಅಂದರೆ ಷೆಂಗೆನ್ ದೇಶಗಳಿಂದ (ಒಂದೇ ವೀಸಾದಲ್ಲಿ ಸುತ್ತಬಹುದಾದ, ಗ್ರೀಸ್ ಸೇರಿದ ಯುರೋಪಿನ ದೇಶಗಳು) ಹೊರಗೆ ಹೋಗಿ ಮತ್ತೆ ಒಳಗೆ ಬಂದ ಹಾಗೆ. ನಿಮಗೆ ವೀಸಾ ಬೇಕಾದರೆ ಒಂದೇ ಸಲ ಪ್ರವೇಶದ ಷೆಂಗೆನ್ ವೀಸಾ ಸಾಲದು, ಹಲವು ಪ್ರವೇಶದ್ದೇ ಬೇಕು. ತುರ್ಕಿಯ ನಿಯಮ ಪಾಸ್‌ಪೋರ್ಟ್‌ನಿಂದ ಪಾಸ್‌ಪೋರ್ಟ್‌ಗೆ ಬೇರೆ. ಇದನ್ನು ನೋಡದೆ ಬಂದ ಒಂದು ಕುಟುಂಬಕ್ಕೆ ಹಡಗು ಹತ್ತುವ ಕೌಂಟರ್‌ನಲ್ಲೇ ಅವಕಾಶ ಸಿಗಲಿಲ್ಲ. ಸೂಟ್‌ಕೇಸ್‌ಗಳಿಗೆ ಕ್ಯಾಬಿನ್ ನಂಬರಿನ ಚೀಟಿ ಆಗಲೇ ಅಂಟಿಸಿಯಾಗಿತ್ತು. ವೀಸಾ ಅರ್ಜಿಯಲ್ಲಿ ಎಷ್ಟು ಪ್ರವೇಶ ಎಂದು ಕೇಳುವ ಜಾಗ ಇದೆ. ಅರ್ಜಿ ಕೊಡುವ ಮೊದಲು ಹಡಗಿನ ಮಾರ್ಗದ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಅದನ್ನು ತುಂಬಿ.