ಆನ್‌ಲೈನ್ ಸಿಮ್ಯುಲೇಶನ್ ಟ್ರೈನಿಂಗ್‌ನಿಂದ ಉಪಯೋಗ ಇದ್ಯಾ?

ಮೇಡಂ, ಮ್ಯಾನಿಕಿನ್ (ಪೇಶೆಂಟ್ ಥರದ ಗೊಂಬೆ) ಮುಟ್ಟದೇ ಬರೀ ಲ್ಯಾಪ್‌ಟಾಪ್ ಮುಂದೆ ಕೂತು ಸಿಮ್ಯುಲೇಶನ್‌ನಲ್ಲಿ (ನಿಜವಾದ ಕೇಸಿನ ಥರ ಸನ್ನಿವೇಶ ಮಾಡಿ) ನರ್ಸಿಂಗ್ ಸ್ಟೂಡೆಂಟ್ಸ್‌ಗೆ ಪಾಠ ಮಾಡೋದು ಕಲಿಯಕ್ಕಾಗುತ್ತಾ ಅಂತ ಕೇಳಿದೀರಲ್ಲ, ಮುಕ್ಕಾಲು ಭಾಗ ಆಗುತ್ತೆ. ಮ್ಯಾನಿಕಿನ್ ಆಪರೇಟ್ ಮಾಡೋದು ಬೇಗ ಬಂದ್ಬಿಡುತ್ತೆ, ಕಷ್ಟ ಇರೋದು ಕೇಸ್ ಮುಗಿದ್ಮೇಲೆ ಸ್ಟೂಡೆಂಟ್ ಜೊತೆ ಕೂತು ಏನಾಯ್ತು, ಯಾಕಾಯ್ತು ಅಂತ ಮಾತಾಡೋ ಡಿಬ್ರೀಫಿಂಗ್‌ನಲ್ಲಿ. ನಾವೆಲ್ಲ ವಾರ್ಡಲ್ಲಿ ಬೈಸ್ಕೊಂಡೇ ಕಲಿತವರು, ಸ್ಟೂಡೆಂಟ್ ತಪ್ಪು ಮಾಡಿದ್ರೆ ಬಾಯಿ ಸುಮ್ನಿರಲ್ಲ. ನನ್ನ ಕೋರ್ಸಲ್ಲಿ ಝೂಮ್‌ನಲ್ಲೇ ಬೇರೆ ಟ್ಯೂಟರ್ಸ್ ಸ್ಟೂಡೆಂಟ್ಸ್ ಥರ ಆಕ್ಟ್ ಮಾಡಿದ್ರು, ಹೆರಿಗೆ ಆದ್ಮೇಲೆ ಬ್ಲೀಡಿಂಗ್ ಆಗೋ ಕೇಸು, ಒಬ್ರು ಗರ್ಭಕೋಶ ಮಸಾಜ್ ಮಾಡೋದು ಬಿಟ್ಟು ಬಿಪಿ ನೋಡ್ತಾನೇ ಇದ್ರು, ನಾನು 'ಯಾಕೆ ಮಾಡ್ಲಿಲ್ಲ' ಅಂದೆ, ಅವರು ಗಪ್ಪಂತ ಸುಮ್ನಾದ್ರು. ಫೆಸಿಲಿಟೇಟರ್ ನಿಲ್ಸಿ, 'ಆಗ ನಿಮ್ಮ ತಲೇಲಿ ಏನು ಓಡ್ತಿತ್ತು ಅಂತ ಕೇಳಿ' ಅಂದ್ರು. ಹಾಗೆ ಕೇಳಿದ್ಮೇಲೆ ಮಾತು ಬಂತು, ಬಿಪಿ ಬಿದ್ದಿಲ್ಲ ಅಂದ್ರೆ ಸೇಫ್ ಅನ್ಕೊಂಡಿದ್ದೆ ಅಂತ. ಆ ತಪ್ಪು ತಿಳುವಳಿಕೆ ಬೈದಿದ್ರೆ ಹೊರಗೆ ಬರ್ತಿರ್ಲಿಲ್ಲ.

ಕೋರ್ಸ್ ಸೇರೋ ಮುಂಚೆ ಒಂದೇ ಕೇಳಿ, ನಾನೇ ಡಿಬ್ರೀಫ್ ಮಾಡಿ ಫೀಡ್‌ಬ್ಯಾಕ್ ತಗೊಳ್ಳೋ ಸೆಷನ್ ಇದ್ಯಾ ಅಂತ. ಬರೀ ರೆಕಾರ್ಡೆಡ್ ವಿಡಿಯೋ, ಕೊನೇಲಿ ಸರ್ಟಿಫಿಕೇಟ್ ಅಂದ್ರೆ ದುಡ್ಡು ದಂಡ. ಐಎನ್‌ಎಸಿಎಸ್‌ಎಲ್ (ನರ್ಸಿಂಗ್ ಸಿಮ್ಯುಲೇಶನ್‌ನ ಅಂತರರಾಷ್ಟ್ರೀಯ ಸಂಸ್ಥೆ) 2021ರಲ್ಲಿ ತಂದ ಸ್ಟ್ಯಾಂಡರ್ಡ್ಸ್ ಮೊದಲೇ ಓದ್ಕೊಳಿ, ಪ್ರೀಬ್ರೀಫಿಂಗ್ (ಕೇಸ್ ಶುರುವಿಗೆ ಮುಂಚೆ ತಯಾರಿ ಮಾಡಿಸೋದು), ಡಿಬ್ರೀಫಿಂಗ್ ಎಲ್ಲಾ ಬೇರೆಬೇರೆ ಬಿಡಿಸಿದಾರೆ. ಸಿಪಿಆರ್‌ನಲ್ಲಿ ದೊಡ್ಡವರ ಎದೆ 5-6 ಸೆಂ.ಮೀ. ಒತ್ತೋ ಅಂದಾಜು ಮಾತ್ರ ಕೈಗೇ ಸಿಗ್ಬೇಕು, ಅದಕ್ಕೆ ನಿಮ್ಮ ಸ್ಕಿಲ್ ಲ್ಯಾಬೇ ಗತಿ. ಎದೆ ಒತ್ತೋದು ಬಿಟ್ಟು ಬೇರೆ ಕೇಸುಗಳಿಗೆ ಹೈಟೆಕ್ ಮ್ಯಾನಿಕಿನ್ ಬರೋವರೆಗೂ ಕಾಯ್ಬೇಡಿ, ಒಬ್ಬ ಸೀನಿಯರ್ ಸ್ಟೂಡೆಂಟನ್ನ ಪೇಶೆಂಟ್ ಮಾಡಿ ಮಲಗಿಸಿ ಈ ವಾರವೇ ಶುರು ಮಾಡಿ.